ಬಲಗಾಲಿನ ಹಕ್ಕು

ಅಬೂ ರಾತಿಬ್ ದುಡ್ಡು ಕೇಳಲಿಲ್ಲ, ಕಾಲು ಕೇಳಿದ.

ಪರದೆಯ ಈಚೆ ಹೆಂಗಸರ ನಡುವೆ ಕೂತಿದ್ದ ಜುಮಾನಾಳಿಗೆ ಅದು ತನ್ನದೇ ಕಾಲು ಎಂಬುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಆಚೆ ಹಜಾರದಲ್ಲಿ ಎರಡೂ ಮನೆತನದ ಗಂಡಸರು ಗೋಡೆಗೆ ಒರಗಿ ಕೂತಿದ್ದರು. ಅವಳ ಕಡೆಯವರ ಮುಂದೆ ಒಂದೊಂದು ಪುಟ್ಟ ಲೋಟದಲ್ಲಿ ಕಾಫಿ ಆರುತ್ತಿತ್ತು. ರಾಜಿಗೆ ಹೋದವರು ಕೇಳಲು ಬಂದದ್ದು ಸಿಗುವವರೆಗೆ ಆ ಮನೆಯ ಕಾಫಿಯನ್ನು ತುಟಿಗೆ ಸೋಕಿಸುವುದಿಲ್ಲ. ಪ್ಯಾಲೆಸ್ತೀನಿನ ಖಲೀಲ್ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ವಿಷಯ. ಇಂಥ ಕೂಟದಲ್ಲಿ ಪೆಟ್ಟು ತಿಂದ ಕಡೆಯವರು ಮೊದಲು ಎದೆ ಒಡೆಯುವಂಥ ಮೊತ್ತ ಹೇಳುತ್ತಾರೆ. ಆಮೇಲೆ ದೇವರಿಗಾಗಿ ಇಷ್ಟು ಬಿಟ್ಟೆ, ಪ್ರವಾದಿಗಾಗಿ ಇಷ್ಟು ಬಿಟ್ಟೆ, ಬಂದ ಹಿರಿಯರ ಮುಖ ನೋಡಿ ಇಷ್ಟು ಬಿಟ್ಟೆ ಎನ್ನುತ್ತಾ ಇಳಿಯುತ್ತಾರೆ. ಕೊನೆಗೆ ಉಳಿಯುವುದು ಚಿಲ್ಲರೆ. ಎಲ್ಲರೂ ಕಣ್ಣೊರೆಸಿಕೊಂಡು, ತಬ್ಬಿಕೊಂಡು, ಕುರಿಮಾಂಸದ ಅನ್ನ ಉಂಡು ಮನೆಗೆ ಹೋಗುತ್ತಾರೆ.

"ದವಡೆ ಮುರಿದು ನಮ್ಮ ಹುಡುಗಿ ಬಾಯಿಗೆ ತಂತಿ ಹಾಕಿ ಬಿಗಿದಿದಾರೆ," ಎನ್ನುತ್ತಿದ್ದ ಅಬೂ ರಾತಿಬ್. ಪೆಟ್ಟು ತಿಂದ ರಝಾನಳ ದೊಡ್ಡಪ್ಪ, ಶೂ ಕಾರ್ಖಾನೆಯ ಯಜಮಾನ, ಮನುಷ್ಯರ ಮುಖಕ್ಕಿಂತ ಮೊದಲು ಪಾದ ನೋಡುವವನು. "ಸ್ಟ್ರಾ ಹಾಕ್ಕೊಂಡು ಬೇಳೆ ಕಟ್ಟು ಕುಡೀತಾಳೆ. ದುಡ್ಡು ತಗೊಂಡು ನಾನೇನ್ ಮಾಡ್ಲಿ, ಅರೆದು ಅದರೊಳಗೆ ಕಲಸ್ಲಾ? ದುಡ್ಡು ನಿಮ್ಮತ್ರಾನೇ ಇಟ್ಕೊಳಿ ಹಾಜಿಯವರೇ. ಒದ್ದವಳ ಕಾಲು ನಮ್ದು. ಎರಡೂ ಕಾಲು. ಇನ್ಮೇಲೆ ಅವಳು ಯಾರ ಮೇಲೂ ಕಾಲೆತ್ತಬಾರ್ದು."

ಜುಮಾನಾಳ ತಾಯಿ ಮಗಳ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರು ಒಳಗೆ ಹೋಯಿತು.

ಹದಿನೇಳರ ಹುಡುಗಿ ಜುಮಾನಾ. ಓದಿನಲ್ಲಿ ಅಷ್ಟಕ್ಕಷ್ಟೆ, ಅಡುಗೆಯಲ್ಲಿ ದೇವರೇ ಗತಿ, ಆದರೆ ಟೇಕ್ವಾಂಡೋ ಮ್ಯಾಟಿನ ಮೇಲೆ ನಿಂತರೆ ಬೇರೆಯೇ ಜೀವ. ಅವಳ ಬಲಗಾಲು ಎದುರಾಳಿಯ ಕಿವಿಯ ಪಕ್ಕಕ್ಕೆ ಬರುವುದು ಕಾಣುತ್ತಿರಲಿಲ್ಲ, ಬಂದ ಮೇಲೆಯೇ ತಿಳಿಯುತ್ತಿತ್ತು. ಅಮ್ಮಾನಿನಲ್ಲಿ ಅರಬ್ ಕಿರಿಯರ ಸ್ಪರ್ಧೆಗೆ ಅವಳ ಹೆಸರು ಹೋಗಿತ್ತು. ಅಲ್ಲಿ ಪದಕ ಬಂದರೆ ಏಷ್ಯಾ ಮಟ್ಟಕ್ಕೆ ದಾರಿ. ಅದೇ ತೂಕದಲ್ಲಿ ಎರಡನೆಯವಳು ರಝಾನ್. ಇವಳು ಹೋಗದಿದ್ದರೆ ಅವಳು. ಇಬ್ಬರೂ ಒಂದೇ ಬೆಂಚು, ಒಂದೇ ಕ್ಲಬ್ಬು, ಒಂದೇ ಸ್ಯಾಂಡ್‌ವಿಚ್ಚಿನ ಎರಡು ತುಂಡು.

ಆವತ್ತು ಅಭ್ಯಾಸದಲ್ಲಿ ಜುಮಾನಾ ಒಂದು ಜೋಕು ಹೇಳಿದ್ದಳು. ಖಲೀಲಿನವರದು ಬಂಡೆಯಂಥ ತಲೆ ಎಂದು ಇಡೀ ಪ್ಯಾಲೆಸ್ತೀನ್ ಆಡಿಕೊಳ್ಳುತ್ತದೆ; ಖಲೀಲಿನವರು ಅದನ್ನು ಎಲ್ಲರಿಗಿಂತ ಚೆನ್ನಾಗಿ ಆಡಿಕೊಳ್ಳುತ್ತಾರೆ. "ಏ ರಝಾನ್, ಖಲೀಲಿನೋರಿಗೆ ಹೆಲ್ಮೆಟ್ ಯಾಕೆ ಹಾಕ್ತಾರೆ ಗೊತ್ತೇನೇ? ತಲೆ ಉಳೀಲಿ ಅಂತಲ್ಲ, ಒದ್ದೋರ ಕಾಲು ಉಳೀಲಿ ಅಂತ!" ಎಂದಳು, ಅಂದವಳೇ ತಿರುಗಿ ಒದ್ದಳು. ರಝಾನ್ ತಪ್ಪಿಸಿಕೊಳ್ಳಬೇಕಿತ್ತು, ಸಾವಿರ ಸಲ ತಪ್ಪಿಸಿಕೊಂಡ ಒದೆ ಅದು. ಆದರೆ ಅವಳು ಬಾಯಿ ತೆರೆದು ನಗುತ್ತಿದ್ದಳು. ಹಲ್ಲಿನ ಗಾರ್ಡು ತುಟಿಗೆ ಬಂದಿತ್ತು. ಕಾಲು ಮುಟ್ಟಿದಾಗ ಆದ ಸದ್ದು ಒಣ ಬಾದಾಮಿ ಒಡೆದಂತಿತ್ತು, ಅಷ್ಟೇ ಚಿಕ್ಕದು. ರಝಾನ್ ಕೂಗಲೂ ಇಲ್ಲ. ಮುಖ ಒಂದು ಕಡೆಗೆ ಜಾರಿದ ಹಾಗೆ ಕಂಡಿತು, ಆಮೇಲೆ ಕುಸಿದಳು.

ಊರಿನ ಬಾಯಿಗೆ ತಂತಿ ಹಾಕುವವರು ಯಾರು? ಸಂಜೆಯ ಹೊತ್ತಿಗೆ ಬೇಕೆಂತಲೇ ಒದ್ದಳು, ಜಾಗ ಗಟ್ಟಿ ಮಾಡಿಕೊಂಡಳು ಎಂದು ಮಾತು ಹಬ್ಬಿತ್ತು. ಜುಮಾನಾಳ ತಂದೆ, "ಆಟದಲ್ಲಿ ಆಗಿದ್ದು, ಇದಕ್ಕೆಲ್ಲ ರಾಜಿ ಯಾಕೆ?" ಎಂದು ಒದರಾಡಿದ. ಅಜ್ಜ ಹಾಜಿ ಇದ್ರೀಸ್ ಅವನ ಮುಖವನ್ನೂ ನೋಡದೆ ಮೇಲಂಗಿ ತೊಟ್ಟರು. ಪೆಟ್ಟು ಆಟದಲ್ಲಾಗಲಿ, ಮದುವೆ ಮನೆಯಲ್ಲಾಗಲಿ, ನೆತ್ತರು ಕಂಡ ಮನೆಗೆ ಕಾಣದ ಮನೆಯವರು ನಡೆದುಕೊಂಡು ಹೋಗಬೇಕು. ಅದು ಅವರ ಲೆಕ್ಕ. ಆಯಸ್ಸಿಡೀ ಬೇರೆಯವರ ಜಗಳ ತೀರಿಸಿದ ಮನುಷ್ಯ.

ಅನಾಹುತವಾದದ್ದೇ ಅದರಿಂದ. ಸ್ವಂತ ಮನೆಯ ತಪ್ಪಿಗೆ ಸ್ವಂತ ಬಾಯಿಂದ ಮಾತಾಡಬಾರದು, ಹೊರಗಿನವರೊಬ್ಬರು ಆಡಬೇಕು. ಅದಕ್ಕೆಂದೇ ಶೇಖ್ ಫವ್ವಾಜ್ ಅವರನ್ನು ಮುಂದಿಟ್ಟುಕೊಂಡು ಬಂದಿದ್ದರು. ಶೇಖ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ನಲವತ್ತು ವರ್ಷದ ರೂಢಿ ಬಿಡಬೇಕಲ್ಲ, ಹಾಜಿ ಇದ್ರೀಸ್ ಎದೆಯ ಮೇಲೆ ಕೈಯಿಟ್ಟು, "ನೀವು ಏನು ಕೇಳಿದ್ರೂ ನಮ್ಮ ತಲೆ ಮೇಲೆ, ನಮ್ಮ ಕಣ್ಣ ಮೇಲೆ. ಕೇಳಿ," ಎಂದುಬಿಟ್ಟರು. ಮಧ್ಯಸ್ಥರು ಆಡಿದರೆ ಆ ಮಾತು ಮರ್ಯಾದೆ. ತಪ್ಪು ಮಾಡಿದ ಮನೆಯ ಯಜಮಾನ ಆಡಿದರೆ ವಚನ. ಶೇಖ್ ಫವ್ವಾಜ್ ಕಣ್ಣು ಮುಚ್ಚಿಕೊಂಡಿದ್ದು ಪರದೆಯ ಸಂದಿನಿಂದ ಜುಮಾನಾಳಿಗೂ ಕಂಡಿತ್ತು.

ಈಗ ಶೇಖ್ ಹೆಣಗಾಡುತ್ತಿದ್ದರು. "ಅಬೂ ರಾತಿಬ್, ದುಡ್ಡಾದ್ರೆ ದೇವರಿಗಿಷ್ಟು, ಪ್ರವಾದಿಗಿಷ್ಟು ಅಂತ ಇಳಿಸ್ಬಹುದು. ಕಾಲನ್ನ ಹೆಂಗಪ್ಪಾ ಇಳಿಸೋದು? ನೀನೇ ಹೇಳು."

ಅಬೂ ರಾತಿಬ್ ಯೋಚಿಸಿದ. ಕೆಟ್ಟವನೇನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದು ಎದ್ದು ಹೋಗಬಹುದಿತ್ತು. ಇವನು ಪದ್ಧತಿ ಬಲ್ಲ ಮನುಷ್ಯ. ಬಂದವರನ್ನು ಬರಿಗೈಯಲ್ಲಿ ಕಳಿಸುವವನಲ್ಲ.

"ಸರಿ. ದೇವರಿಗಾಗಿ ಎಡಗಾಲು ಬಿಟ್ಟೆ," ಎಂದ.

"ದೇವರು ನಿನ್ನ ಮನೆ ತುಂಬಿಸ್ಲಿ," ಎಂದರು ಎಲ್ಲರೂ ಒಟ್ಟಿಗೆ.

"ಪ್ರವಾದಿಗಾಗಿ, ನಡೆಯೋದು, ಓಡೋದು, ಮೆಟ್ಲು ಹತ್ತೋದು, ಅದಕ್ಕೆಲ್ಲ ಬಲಗಾಲು ಬಿಟ್ಟೆ."

"ಅವರ ಮೇಲೆ ಶಾಂತಿ ಇರಲಿ."

"ಬಂದ ಹಿರಿಯರ ಮುಖ ನೋಡಿ, ಅಮ್ಮಾನಿಗೆ ಹೋಗೋದೂ ಬಿಟ್ಟೆ. ಹೋಗ್ಲಿ, ಆಡ್ಲಿ. ಆದ್ರೆ ಬಲಗಾಲು ಇನ್ನೊಬ್ಬ ಹೆಣ್ಮಗಳ ಮೇಲೆ ಏಳಬಾರ್ದು. ಅದು ರಝಾನ್ ಹಕ್ಕು. ನಾನು ಎಲ್ಲರ ಮುಂದೆ ಬಾಯ್ಬಿಟ್ಟು ಬಿಟ್ಟೆ ಅನ್ನೋ ತನಕ ಅದು ನಮ್ದೇ."

ಹಜಾರಕ್ಕೆ ಜೀವ ಬಂತು. ಇಳಿದಿದೆ, ಪದ್ಧತಿಯಂತೆಯೇ ಮೂರು ಸಲ ಇಳಿದಿದೆ, ಇನ್ನೇನು ಬೇಕು? ಹಾಜಿ ಇದ್ರೀಸ್ ಕಾಫಿ ಎತ್ತಿ ಒಂದೇ ಗುಟುಕಿಗೆ ಕುಡಿದರು. ಲೋಟಗಳ ಸದ್ದು, ತಬ್ಬುಗೆಗಳ ಸದ್ದು, ಹಿಂದೆಯೇ ಅನ್ನದ ತಟ್ಟೆಗಳು ಬಂದವು. ಪರದೆಯ ಈಚೆ ಜುಮಾನಾ ಕಲ್ಲಾಗಿ ಕೂತಿದ್ದಳು. ಮೂಳೆಯಿಂದ ಮಾಂಸ ಬಿಡಿಸಿದ ಹಾಗೆ ಅವಳ ಕಾಲುಗಳನ್ನು ಪಾಲು ಮಾಡಿಕೊಂಡು ಈಗ ಊಟಕ್ಕೆ ಕೂತಿದ್ದಾರೆ. ಅದೇ ಕೋಣೆಯಲ್ಲಿ ಗೋಡೆಯ ಬದಿಯ ಹಾಸಿಗೆಯಲ್ಲಿ ರಝಾನ್ ಇದ್ದಳು. ಕೆನ್ನೆ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಂದ ಕೂಡಲೇ ಅವಳ ತಲೆಗೆ ಮುತ್ತಿಟ್ಟು ಜುಮಾನಾ ಕ್ಷಮೆ ಕೇಳಿದ್ದಳು. ರಝಾನ್ ತಲೆಯಾಡಿಸಿದ್ದಳು, ಸರಿ ಎಂದೋ ಸಾಕು ಎಂದೋ ತಿಳಿಯಲಿಲ್ಲ. ಮತ್ತೆ ಈ ಕಡೆ ನೋಡಲಿಲ್ಲ.

ಮನೆಗೆ ಬಂದ ಮೇಲೆ ಜುಮಾನಾ ಬಾಯಿಗೆ ಬಂದದ್ದು ಅಂದಳು. "ಅಜ್ಜಾ, ನಿಮ್ಮ ಮಾತು ನಿಮ್ಮ ಕಾಲಿಂದ ತೀರಿಸ್ಬೇಕಿತ್ತು! ನನ್ನ ಕಾಲೇನು ನಿಮ್ಮ ಅಂಗಡಿ ಸಾಮಾನಾ?"

ಬೇರೆ ದಿನವಾಗಿದ್ದರೆ ಹಾಜಿ ಇದ್ರೀಸ್ ಮನೆ ನಡುಗಿಸುತ್ತಿದ್ದರು. ಆವತ್ತು ಮೇಲಂಗಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕುಗ್ಗಿ ಕೂತಿದ್ದರು. "ನಾಲಿಗೆ ಜಾರ್ತು ತಾಯಿ. ನಲವತ್ತು ವರ್ಷ ಒಂದ್ಸಲಾನೂ ಜಾರಿರ್ಲಿಲ್ಲ," ಎಂದರು. ಆಮೇಲೆ, "ಆದ್ರೂ ಕೊಟ್ಟ ಮಾತು ಮಾತೇ. ನೀನು ಬಲಗಾಲೆತ್ತಿದ್ರೆ ನಾನು ನಾಳೆಯಿಂದ ಯಾರ ಮನೆ ಕಾಫಿನೂ ಕುಡಿಯೋ ಹಾಗಿಲ್ಲ," ಎಂದರು.

ಅಂದರೆ ಮುದುಕನ ಮಾನವನ್ನೂ ಅವಳ ಕಾಲಿಗೇ ಕಟ್ಟಿದಂತಾಯಿತು. ಅವಳು ಅತ್ತಳು, ಊಟ ಬಿಟ್ಟಳು, ಎಲ್ಲ ಗಂಡಸರಿಗೂ ಸೇರಿಸಿ ಶಾಪ ಹಾಕಿದಳು.

ಕೋಚ್ ವಹೀಬ್ ತಲೆ ಕೆಡಿಸಿಕೊಳ್ಳಲಿಲ್ಲ. ಅಥವಾ ಕೆಡಿಸಿಕೊಂಡದ್ದನ್ನು ತೋರಿಸಲಿಲ್ಲ. "ಎಡಗಾಲಿದೆ, ಎರಡು ಕೈಯಿದೆ. ಶುರು ಮಾಡು," ಎಂದರು. ಬಲಗಾಲು ನೆಲಕ್ಕೆ ಬೇರು ಬಿಟ್ಟಂತೆ ನಿಂತು ಎಡಗಾಲಲ್ಲೇ ಒದೆಯುವುದು, ಮುನ್ನುಗ್ಗಿ ಎದೆಗೆ ಗುದ್ದುವುದು, ಇಷ್ಟೇ ಅಭ್ಯಾಸ. ಕ್ಲಬ್ಬಿನ ಹುಡುಗಿಯರು ಅವಳಿಗೆ ಕೊಕ್ಕರೆ ಎಂದು ಹೆಸರಿಟ್ಟರು. ಅವಳೂ ನಕ್ಕಳು. ಎಲ್ಲದಕ್ಕೂ ಅಬೂ ರಾತಿಬನನ್ನು ಬೈದುಕೊಂಡರೆ ಮನಸ್ಸು ಸ್ವಲ್ಪ ಹಗುರವಾಗುತ್ತಿತ್ತು.

ಅಮ್ಮಾನಿಗೆ ಹೋಗುವ ದಾರಿಯಲ್ಲಿ, ಗಡಿಯ ಸೇತುವೆ ದಾಟುವಲ್ಲಿ ಸಿಪಾಯಿ ಹುಡುಗಿಯೊಬ್ಬಳು ಅವಳ ಚೀಲ ಸುರುವಿ, ಮೊಣಕಾಲಿನ ಕೆಳಗೆ ಕಟ್ಟುವ ಗಾರ್ಡುಗಳನ್ನು ಒಂದೊಂದೇ ತಟ್ಟಿ, ಬಗ್ಗಿಸಿ, ಮೂಸಿ ನೋಡಿದಳು. ಬಿಸಿಲಲ್ಲಿ ಬಸ್ಸು ನಿಂತೇ ಇತ್ತು. ಕೊನೆಗೆ ಹೋಗು ಎಂದಾಗ ಕೋಚ್ ವಹೀಬ್ ಹಲ್ಲು ಕಡಿದುಕೊಂಡು, "ನೋಡು, ಇವರು ಎರಡೂ ಕಾಲಿಗೆ ಪರವಾನಗಿ ಕೊಟ್ರು. ನಮ್ಮೋರು ಒಂದಕ್ಕೆ ಮಾತ್ರ," ಎಂದರು. ಜುಮಾನಾ ರಾಜಿಯಾದ ದಿನದಿಂದೀಚೆಗೆ ಮೊದಲ ಸಲ ಹೊಟ್ಟೆ ತುಂಬ ನಕ್ಕಳು.

ಅಮ್ಮಾನಿನ ಕ್ರೀಡಾಂಗಣದಲ್ಲಿ ಆಟವನ್ನು ಫೋನಿನಲ್ಲಿ ನೇರ ತೋರಿಸುತ್ತಿದ್ದರು. ಖಲೀಲಿನಲ್ಲಿ ಆವತ್ತು ಶೂ ಕಾರ್ಖಾನೆಯ ಯಂತ್ರಗಳೆಲ್ಲ ನಿಂತಿದ್ದವು. ಅಬೂ ರಾತಿಬ್ ಗೋಡೆಗೆ ದೊಡ್ಡ ಟೀವಿ ಹಾಕಿಸಿ ರಝಾನಳನ್ನೂ ಮುಂದೆ ಕೂರಿಸಿದ್ದ. ಮಾತು ಉಳಿಯುತ್ತದೋ ಮುರಿಯುತ್ತದೋ ಕಣ್ಣಾರೆ ನೋಡಬೇಕಲ್ಲ. ಹಾಜಿ ಇದ್ರೀಸ್ ಕೂಡ ಅಲ್ಲಿಗೇ ಹೋಗಿ ಅವನ ಪಕ್ಕದಲ್ಲೇ ಕೂತಿದ್ದರು. ಮನೆಯಲ್ಲಿ ಕೂತು ನೋಡಿದರೆ ಅಡಗಿದ ಹಾಗೆ ಎಂದು ಅವರ ವಾದ. ಈ ಸಂಗತಿಯೆಲ್ಲ ತಾಯಿಯ ಫೋನಿನಿಂದ ಜುಮಾನಾಳಿಗೆ ಬೆಳಗ್ಗೆಯೇ ತಲುಪಿತ್ತು.

ಮೊದಲ ಪಂದ್ಯವನ್ನು ಅವಳು ಎಡಗಾಲಲ್ಲೇ ಗೆದ್ದಳು. ಹೇಗೆಂದು ಅವಳಿಗೂ ತಿಳಿಯದು. ಬಲದಿಂದ ಏನೋ ಬರುತ್ತದೆಂದು ಎದುರಾಳಿ ಕಾಯುತ್ತಲೇ ಇದ್ದಳು, ಅದು ಬರಲೇ ಇಲ್ಲ, ಬಂದದ್ದೆಲ್ಲ ಎಡದಿಂದ. ಖಲೀಲಿನ ಪೇಟೆಯಲ್ಲಿ ಸಿಹಿ ಹಂಚಿದರಂತೆ. ಒಂಟಿಗಾಲಲ್ಲಿ ಗೆದ್ದಳು ನಮ್ಮ ಹುಡುಗಿ ಎಂದು, ಅವಳನ್ನು ನಿನ್ನೆಯವರೆಗೆ ಕೊಂಕು ಮಾತಾಡಿದ ಬಾಯಿಗಳೇ ಹೇಳುತ್ತಿದ್ದವಂತೆ.

ಎರಡನೆಯದು ಅಮ್ಮಾನಿನದೇ ಹುಡುಗಿಯೊಂದಿಗೆ. ಎತ್ತರದವಳು, ತಣ್ಣಗಿನ ಕಣ್ಣಿನವಳು. ಗೆದ್ದರೆ ಪದಕ ಕೈಗೆ ಬಂದಂತೆಯೇ. ಮೊದಲ ಸುತ್ತಿನಲ್ಲಿ ಜುಮಾನಾ ಸೋತಳು. ಆ ಕಡೆಯ ಕೋಚ್ ಕುರುಡನೇನಲ್ಲ, ಬಲಗಾಲು ಸುಮ್ಮನಿರುವುದು ಅವನಿಗೆ ಕಂಡುಹೋಗಿತ್ತು. ಎರಡನೆಯ ಸುತ್ತಿನಲ್ಲಿ ಜುಮಾನಾ ಹುಚ್ಚಿಯ ಹಾಗೆ ನುಗ್ಗಿ ನುಗ್ಗಿ ಗುದ್ದಿದಳು. ಪಕ್ಕೆಗೆ ಒದೆಗಳು ಬಿದ್ದವು, ತುಟಿ ಒಡೆಯಿತು, ಹಿಂದೆ ಸರಿಯಲಿಲ್ಲ. ಆ ಸುತ್ತು ಕೂದಲೆಳೆಯಲ್ಲಿ ಅವಳದಾಯಿತು.

ಕುರ್ಚಿಗೆ ಬಂದು ಕುಸಿದಾಗ ಕೋಚ್ ವಹೀಬರ ಜೇಬಿನಲ್ಲಿ ಫೋನು ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು. "ಯಾವನೋ ಇವನು!" ಎಂದು ಬೈಯುತ್ತಾ ಎತ್ತಿದವರು ಕಿವಿಯಿಂದ ದೂರ ಹಿಡಿದರು. ಆ ಕೂಗು ಜುಮಾನಾಳಿಗೂ ಕೇಳಿತು.

"ಬಿಟ್ಟೆ! ಬಲಗಾಲು ಬಿಟ್ಟೆ ಅಂತ ಹೇಳ್ರೀ ಅವಳಿಗೆ! ಎಲ್ಲರ ಮುಂದೆ ಹೇಳ್ತಿದೀನಿ, ಕಾರ್ಖಾನೆ ಪೂರ್ತಿ ಸಾಕ್ಷಿ!" ಅಬೂ ರಾತಿಬನ ದನಿ ಒಡೆದುಹೋಗಿತ್ತು. "ಆ ಮಗು ಹೊಡೆಸ್ಕೊಂಡು ಹೊಡೆಸ್ಕೊಂಡು ನನ್ನ ಹಕ್ಕು ಕಾಯ್ತಾ ನಿಂತಿದೆಯಲ್ರೀ! ನಾನೇನು ಮನುಷ್ಯ ಅಲ್ವಾ? ಒದಿ ಅನ್ರಿ ಅವಳಿಗೆ!"

ಹಿಂದೆಯೇ ಅಜ್ಜನ ದನಿ. "ಬಿಟ್ರು ತಾಯಿ. ನನ್ನೆದುರಿಗೇ ಬಿಟ್ರು. ಒದಿ."

ಜುಮಾನಾ ಬೆಪ್ಪಾಗಿ ಕೋಚಿನ ಮುಖ ನೋಡಿದಳು. ಮನುಷ್ಯ ಅಳುತ್ತಿದ್ದ, ನಗುತ್ತಲೂ ಇದ್ದ. ರೆಫರಿ ಗದರಿದ್ದಕ್ಕೆ ಫೋನನ್ನು ಹಾಗೇ ಜೇಬಿಗೆ ತುರುಕಿ, "ಕೇಳಿಸ್ತಲ್ಲ? ಅವಳಿಗೆ ನೀನು ಎಡಗಾಲಿನೋಳು ಅಂತ ನಂಬಿಕೆ ಬಂದಿದೆ. ಎಡಗೈ ಇಳಿಬಿಟ್ಟಿದಾಳೆ. ಒಂದೇ ಒಂದು ಸಾಕು," ಎಂದರು.

ಕೊನೆಯ ಸುತ್ತು. ಅಂಕಗಳು ಸಮಕ್ಕೆ ಬಂದು ನಿಂತವು. ಸಮಯ ಮುಗಿಯುತ್ತಾ ಬಂದಾಗ ಅಮ್ಮಾನಿನ ಹುಡುಗಿ ಜುಮಾನಾಳ ಎಡಗಾಲನ್ನು ತಡೆಯಲು ತಿರುಗಿದಳು. ಅವಳ ತಲೆ ಇನ್ನೊಂದು ಬದಿಗೆ ಪೂರ್ತಿ ಬಯಲಾಯಿತು. ಮಗ್ಗಿಯಷ್ಟು ಸಲೀಸಾದ ಒದೆ. ಉಸಿರಿಗಾಗಿ ಆ ಹುಡುಗಿ ಬಾಯಿ ತೆರೆದಿದ್ದಳು, ಹಲ್ಲಿನ ಗಾರ್ಡು ಬೆಳ್ಳಗೆ ಕಾಣುತ್ತಿತ್ತು.

ಜುಮಾನಾ ಕಾಲಿಗೆ ಏಳು ಎಂದಳು. ಏಳಲಿಲ್ಲ.

ನೋವಿಲ್ಲ, ಸೆಳೆತವಿಲ್ಲ, ಕಾಲು ಅಲ್ಲೇ ಇದೆ, ಅವಳ ಭಾರ ಹೊತ್ತು ನಿಂತಿದೆ. ಮತ್ತೆ ಏಳು ಎಂದಳು. ಅವಳು ತನ್ನ ಕಾಲನ್ನು ಬಗ್ಗಿ ನೋಡಿದಳು. ಪಂದ್ಯದ ನಡುವೆ ಯಾರೂ ಮಾಡಬಾರದ ಕೆಲಸ. ಅಷ್ಟರಲ್ಲಿ ಎದೆಯ ಮೇಲೆ ಒದೆ ಬಿತ್ತು. ಗಂಟೆ ಹೊಡೆಯಿತು. ಇಡೀ ಕ್ರೀಡಾಂಗಣ ಅಮ್ಮಾನಿನ ಹುಡುಗಿಯ ಹೆಸರು ಕೂಗುತ್ತಿತ್ತು.

ಬಗ್ಗಿ ವಂದಿಸಿ ಹೇಗೋ ಈಚೆಗೆ ಬಂದಳು. ಕೋಚ್ ವಹೀಬ್ ಅವಳ ಭುಜ ಹಿಡಿದು ಅಲುಗಾಡಿಸಿದರು. "ಯಾಕೆ? ಬಿಟ್ಟೆ ಅಂದ್ರಲ್ಲ ಅವರು! ಬಯಲಾಗಿ ನಿಂತಿದ್ಲಲ್ಲ! ಯಾಕೆ ಒದೀಲಿಲ್ಲ?"

"ಬಿಟ್ರು ಕೋಚ್," ಎಂದಳು ಜುಮಾನಾ. "ಕಾಲು ಬರ್ತಿಲ್ಲ."

"ಬರ್ತಿಲ್ಲ ಅಂದ್ರೆ?"

"ಅವತ್ತಿಂದ ಬರ್ತಿಲ್ಲ. ರಝಾನ್‌ಗೆ ಬಿದ್ದ ದಿನದಿಂದ. ನನಗೂ ಈಗ್ಲೇ ಗೊತ್ತಾಗಿದ್ದು. ಇಷ್ಟ್ ದಿನ ಅವರು ತಗೊಂಡಿದಾರೆ ಅಂತ ಬೈಕೊಂಡಿದ್ದೆ. ಅದು ನನ್ನ ಹತ್ರ ಇರ್ಲೇ ಇಲ್ಲ, ಕೋಚ್."

ಜೇಬಿನಲ್ಲಿದ್ದ ಫೋನು ಕಡಿದಿರಲಿಲ್ಲ. ಕೋಚ್ ಅದನ್ನು ತೆಗೆದು ಅವಳ ಮುಂದೆ ಹಿಡಿದರು. ಒಳಗಿಂದ ಅಬೂ ರಾತಿಬನ ದನಿ ಬಂತು, ಈಗ ಅದು ಕೂಗಾಗಿರಲಿಲ್ಲ. "ಏನಂದ್ಲು ಹುಡುಗಿ? ಹಾಜಿಯವರೇ, ನಾನು ಬಿಟ್ಟೆ ಅಂದ್ನಲ್ಲ? ಸರಿಯಾಗೇ ಅಂದೆ ತಾನೆ?"

ಫೋನಿನ ಆಚೆ ಕುರ್ಚಿ ಸರಿದ ಸದ್ದಾಯಿತು, ಯಾರೋ ಫೋನು ಕಿತ್ತುಕೊಂಡರು. ಬಿಗಿದ ಹಲ್ಲುಗಳ ಸಂದಿನಿಂದ ಉಸಿರು ಬಂತು, ಉಸಿರಿನ ಹಿಂದೆ ಮಾತು.

"ಜುಮಾ."

ಜುಮಾನಾ ಮ್ಯಾಟಿನ ಅಂಚಿನಲ್ಲೇ ಕೂತುಬಿಟ್ಟಳು. ದವಡೆ ಮುರಿದ ಮೇಲೆ ರಝಾನಳ ದನಿ ಕೇಳಿದ್ದು ಇದೇ ಮೊದಲು.

"ಬಾ ಊರಿಗೆ. ತಂತಿ ಬಿಚ್ಲಿ. ಪ್ಯಾಡ್ ನಾನ್ ಹಿಡೀತೀನಿ." ಒಂದೊಂದು ಮಾತಿಗೂ ನಿಂತು ನಿಂತು ಹೇಳುತ್ತಿದ್ದಳು. "ಮುಖದ ಹತ್ರ ಹಿಡೀತೀನಿ. ಬಲಗಾಲಲ್ಲಿ ಒದೀಬೇಕು ನೀನು."

"ಬೇಡ್ವೇ," ಎಂದಳು ಜುಮಾನಾ. "ನನ್ನ ಕೈಲಾಗಲ್ಲ. ರಝಾನ್, ದಮ್ಮಯ್ಯ, ಅದೊಂದು ಕೇಳ್ಬೇಡ."

"ರಝಾನ್ ಹಕ್ಕು, ರಝಾನ್ ಹಕ್ಕು ಅಂತ ಎಲ್ಲಾರೂ ಕೂತ್ಕೊಂಡು ಮಾತಾಡಿದ್ರು. ನನ್ನ ಒಬ್ರೂ ಕೇಳ್ಲಿಲ್ಲ." ರಝಾನ್ ಎಂಜಲು ನುಂಗಿಕೊಂಡಳು. "ಈಗ ನಾನ್ ಕೇಳ್ತಿದೀನಿ. ಬಾ."